ಮಳವಳ್ಳಿಗೆ ಒಯ್ದ ಆರು ಲಾಟೀನು ಗಾಜು

ಮಂಡ್ಯದಿಂದ ಬೆಳಗಿನ ರೈಲಿಗೆ ಹೊರಟೆ. ಮಳವಳ್ಳಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನನ್ನಕ್ಕ, ಹೆರಿಗೆ ಕೋಣೆಯ ಲಾಟೀನುಗಳಿಗೆ ಆರು ಗಾಜು ತರಲು ಬರೆದಿದ್ದಳು. ಅಂಗಡಿಯ ಸಾಹೇಬರು ಒಂದೊಂದಕ್ಕೂ ಹುಲ್ಲು ಸುತ್ತಿ, ಬಿದಿರು ಕುಕ್ಕೆಯಲ್ಲಿ ಅಲುಗದಂತೆ ಒತ್ತಿ ಕಟ್ಟಿಕೊಟ್ಟಿದ್ದರು. ಸ್ಟೇಷನ್ನಿನಲ್ಲಿ ನನ್ನ ಜೊತೆ ಸ್ಕೂಲಿನಲ್ಲಿ ಪಾಠ ಹೇಳುವ ಮೇಷ್ಟರುಗಳು ಕಂಡರು. ಕೋಟು ತೊಟ್ಟು, ಪೇಟ ಸುತ್ತಿ ಹುಲ್ಲಿನ ಕುಕ್ಕೆ ಹೊರುವುದೇ ಎಂದು ನಾಚಿ, ಮರೆಗೆ ಹೋಗಿ ಗಾಜುಗಳನ್ನು ಬಿಚ್ಚಿ ಟ್ರಂಕಿನಲ್ಲಿ ಎರಡು ಪಂಚೆಗಳ ನಡುವೆ ಇಟ್ಟೆ. ಕುಕ್ಕೆಯನ್ನು ಅಲ್ಲೇ ಬಿಟ್ಟೆ.

ಮದ್ದೂರಿಗೆ ಮೂರಾಣೆ ಟಿಕೆಟ್ಟು. ಇಳಿದು ಇಡ್ಲಿ ತಿಂದು ಮಳವಳ್ಳಿ ಬಸ್ಸಿಗೆ ಹೋದೆ. ಸಾಮಾನು ಮೇಲೇರಿಸುತ್ತಿದ್ದ ಸಿದ್ದ ಎಂಬ ಆಳು ಕೇಳಿದ: “ಒಡ್ಯೋ ಸಾಮಾನು ಐತಾ ಸ್ವಾಮಿ? ಇದ್ರೆ ತೊಡೆ ಮೇಲೆ ಮಡಿಕ್ಕಳಿ.”

“ಬರೀ ಬಟ್ಟೆ,” ಎಂದೆ. ಅಷ್ಟು ದೂರ ಟ್ರಂಕು ಹೊತ್ತು ಕೂರಲು ಮನಸ್ಸಿರಲಿಲ್ಲ.

ದೊಡ್ಡಿ ಎಂಬ ಊರು ದಾಟಿದ ಮೇಲೆ ಎತ್ತಿನ ಗಾಡಿಗಳು ಕೊರೆದ ರಸ್ತೆ. ಬಿಸಿಲು, ಧೂಳು. ಬಸ್ಸು ನಮ್ಮನ್ನು ಎತ್ತಿ ಎತ್ತಿ ಹಾಕಿತು. ಮೇಲೆ ಏನಾಗುತ್ತಿದೆಯೆಂದು ನನಗೆ ಗೊತ್ತಿತ್ತು. ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ.

ಮಳವಳ್ಳಿಯಲ್ಲಿ ಅಕ್ಕ ಬಸ್ಸಿನ ಬಳಿಗೇ ಬಂದಿದ್ದಳು. ಟ್ರಂಕು ತೆರೆದರೆ ಆರೂ ಚೂರು ಚೂರು.

“ಏನೋ ಇದು! ಇವತ್ತೇ ಒಬ್ಬಳಿಗೆ ನೋವು ಬಂದಿದೆ ಕಣೋ.”

“ಆ ಆಳು ಎತ್ತಿ ಎಸೆದ,” ಎಂದುಬಿಟ್ಟೆ.

ಅಲ್ಲೇ ಇದ್ದ ಬಸ್ಸಿನ ಮಾಲೀಕರಿಗೆ ಅದು ಕೇಳಿಸಿತು. ಜನರೆಲ್ಲ ನೋಡುತ್ತಿದ್ದಂತೆ ಸಿದ್ದನ ಕೆನ್ನೆಗೆ ಹೊಡೆದರು. “ಕೇಳ್ದೆ ಬುದ್ದಿ, ಬಟ್ಟೆ ಅಂದ್ರು,” ಎಂದು ಅವನು ನನ್ನತ್ತ ನೋಡಿದ. ನಾನು ಟ್ರಂಕಿಗೆ ಬೀಗ ಹಾಕುತ್ತ ನಿಂತೆ.

ಆ ಸಂಜೆ ಹಣತೆಯ ಬೆಳಕಿನಲ್ಲೇ ಹೆರಿಗೆಯಾಯಿತು. ಗಾಳಿಗೆ ದೀಪ ಆರದಂತೆ ಬಸುರಿಯ ತಾಯಿ ಕೊನೆಯವರೆಗೂ ಕೈ ಅಡ್ಡ ಹಿಡಿದಿದ್ದಳಂತೆ. ಬಾಣಂತಿ, ಮಗು ಇಬ್ಬರೂ ಉಳಿದರು. ಕೈ ತೊಳೆದು ಹೊರಬಂದ ಅಕ್ಕನಿಗೆ ಎಲ್ಲ ಹೇಳಿಕೊಂಡೆ. ಅವಳು ಬೈಯಲಿಲ್ಲ.

“ನನಗೆ ಹೇಳಿ ಏನು ಬಂತು? ಅವನ ಹತ್ತಿರ ಹೋಗು,” ಎಂದಳು.

ಬೆಳಿಗ್ಗೆ ಬಸ್ಸು ಹೊರಡುವ ಮುಂಚೆ, ಮಾಲೀಕರಿಗೂ ಅಲ್ಲಿದ್ದ ನಾಲ್ಕೈದು ಪ್ರಯಾಣಿಕರಿಗೂ ಕೇಳುವಂತೆ, ನಾನು ಸುಳ್ಳು ಹೇಳಿದೆ, ತಪ್ಪು ನನ್ನದು ಎಂದೆ. ಮಾಲೀಕರು, “ಹೋಗಲಿ ಬಿಡಿ ಮೇಷ್ಟ್ರೇ,” ಎಂದು ನಕ್ಕರು. ಸಿದ್ದ ನಗಲಿಲ್ಲ.

“ಮಗಳ್ನ ನೋಡಕ್ಕೆ ಬಂದಿದ್ದ ನಮ್ಮ ಮಾವ, ನನ್ನ ಹೆಂಡ್ತಿ ಅಪ್ಪ, ನಿನ್ನೆ ಇಲ್ಲೇ ನಿಂತಿದ್ರು ಸ್ವಾಮಿ. ನಾನು ಏಟು ತಿಂದಿದ್ನ ನೋಡ್ಬುಟ್ಟು, ತಪ್ಪು ನಂದೇ ಅಂದ್ಕಂಡು ಊರಿಗೊಂಟೋದ್ರು.”

“ಯಾವೂರು?”

“ಬಸರಾಳು.”

ಬಸರಾಳು ನಮ್ಮ ಮಂಡ್ಯಕ್ಕೆ ದೂರವೇನಲ್ಲ. ನಾನೇ ಹೋಗಿ ಅವರಿಗೆ ನಿಜ ಹೇಳಿ ಬರುತ್ತೇನೆ ಎಂದೆ. ಅವನು ಆಗಲಿ ಎಂಬಂತೆ ತಲೆಯಾಡಿಸಿದ.

ಇಂದಿಗೂ ಹೋಗಿಲ್ಲ.