ಹತ್ತನೆಯ ಬೆರಳು

ಅವರ ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಚಿಕ್ಕವರಿದ್ದಾಗ ಬಾವಿಯ ರಾಟೆಗೆ ಸಿಕ್ಕಿ ಮುರಿದದ್ದು ಹಾಗೇ ಕೂಡಿಕೊಂಡಿತ್ತಂತೆ. ಚರ್ಚಿನ ಭಾನುವಾರದ ಮಕ್ಕಳ ತರಗತಿಯಲ್ಲಿ ಅವರು ಬೈಬಲಿನ ಹತ್ತು ಆಜ್ಞೆಗಳನ್ನು ಬೆರಳೆಣಿಸಿ ಕಲಿಸುತ್ತಿದ್ದರು. ಪರರ ಸೊತ್ತಿಗೆ ಆಸೆಪಡಬಾರದೆಂಬ ಹತ್ತನೆಯದು ಬರುವುದು ಸರಿಯಾಗಿ ಆ ಬೆರಳಿಗೇ. ಅದನ್ನು ನಮ್ಮ ಮೂಗಿನ ಮುಂದೆ ಆಡಿಸಿ, “ಮಿಕ್ಕಿದ್ದು ಮೀರಿದ್ರೆ ಊರಿಗೆ ಗೊತ್ತಾಯ್ತದೆ ಕಣ್ರಲಾ. ಇದನ್ನ ಮೀರಿದ್ರೆ ದೇವ್ರಿಗೊಬ್ಬನಿಗೇ ಗೊತ್ತು. ಅದ್ಕೇ ಎಲ್ರೂ ಇದನ್ನೇ ಮೀರೋದು” ಎನ್ನುತ್ತಿದ್ದರು.

ನಾವೆಲ್ಲ ಅವರನ್ನು ಟೀಚರಮ್ಮ ಎನ್ನುತ್ತಿದ್ದೆವು. ಸಂತರೇನಲ್ಲ. ಬಾಯಿ ಬಲು ಜೋರು. ಪಕ್ಕದ ಮನೆಯ ಮಿಕ್ಸಿ ಸದ್ದು ಕೇಳಿದರೆ ರುಬ್ಬುಗುಂಡನ್ನು ಇನ್ನೂ ಜೋರಾಗಿ ತಿರುವುತ್ತ, “ನಂಗೂ ಹೊಟ್ಟೆ ಉರೀತದೆ ಕಣಮ್ಮಿ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಮಿಕ್ಸಿ ಕೊಡ್ಸಪ್ಪಾ ಅಂತ ದೇವ್ರ ಮುಂದೆ ಮೊಣಕಾಲೂರಲ್ಲ” ಎಂದು ನಗುತ್ತಿದ್ದರು.

ಹೊಸೂರಿನಲ್ಲಿ ಕಾರ್ಖಾನೆಗಳು ಎದ್ದು, ನಮ್ಮ ಚರ್ಚಿನ ಸಭೆಯ ಹುಡುಗರು ಸಮವಸ್ತ್ರ ತೊಟ್ಟು ಷಿಫ್ಟಿಗೆ ಹೋಗತೊಡಗಿದ ಕಾಲ ಅದು. ಪ್ರಾರ್ಥನಾ ಕೂಟಗಳಲ್ಲಿ ದೇವರ ಉಪಕಾರಕ್ಕೆ ಸಾಕ್ಷಿ ಹೇಳಲು ಎದ್ದವರೆಲ್ಲ ದೇವರು ಕೊಟ್ಟ ಫ್ರಿಜ್ಜು, ದೇವರು ಕೊಟ್ಟ ಸೈಟು ಎಂದೇ ಶುರುಮಾಡುತ್ತಿದ್ದರು. ಅಂಥದೇ ಒಂದು ಮನೆಯಿಂದ ನನಗೆ ಸಂಬಂಧ ಬಂತು. ಹುಡುಗನ ಅಪ್ಪ ಸಭೆಯ ಹಿರಿಯರು. “ನಮಗೇನೂ ಬೇಡ, ಹುಡುಗಿ ಸಾಕು” ಎಂದರು.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಗಂಡುಹೆಣ್ಣಿನ ಹೆಸರು ಓದಿ, ಆಕ್ಷೇಪಣೆಯಿದ್ದವರು ಹೇಳಬಹುದು ಎನ್ನುತ್ತಾರೆ. ಒಮ್ಮೆ ಓದಿಸಿದ ಮೇಲೆ ಹಿಂದೆ ಸರಿದರೆ ಹೆಣ್ಣಿಗೇ ಕೆಟ್ಟ ಹೆಸರು. ಆ ಪುಣ್ಯಾತ್ಮರಿಗೆ ಅದು ಚೆನ್ನಾಗಿ ಗೊತ್ತಿತ್ತು. ಮೊದಲ ಸಲ ಓದಿದ ಸಂಜೆಯೇ ಬಂದು ಸ್ಕೂಟರ್ ಕೇಳಿದರು. ಎರಡನೆಯ ಭಾನುವಾರದ ಸಂಜೆ ಬಣ್ಣದ ಟಿ.ವಿ. “ಎಲ್ಲಾ ನಿಮ್ಮುಡುಗೀಗೇ ತಾನೆ!” ಅಂತ ನಗು ಬೇರೆ. ಥೂ! ನೆನೆದರೆ ಈಗಲೂ ಮೈ ಉರಿಯುತ್ತದೆ. ಉದ್ದನಪಲ್ಲಿಯ ಮಾವಿನ ತೋಪು ನಮಗಿದ್ದ ಒಂದೇ ಆಸ್ತಿ. ಅಪ್ಪ ಅದಕ್ಕೆ ಗಿರಾಕಿ ಹುಡುಕತೊಡಗಿದರು. ನಾನು ಟೀಚರಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತೆ.

ಮೂರನೆಯ ಭಾನುವಾರ ಪಾದ್ರಿ ಅಯ್ಯನೋರು ಹೆಸರು ಓದಿ, ರೂಢಿಯಂತೆ ಆಕ್ಷೇಪಣೆ ಕೇಳಿ, ರೂಢಿಯಂತೆ ಪುಟ ತಿರುವಿದರು. ಹೆಂಗಸರ ಸಾಲಿನಲ್ಲಿ ಸೊಟ್ಟ ಕಿರುಬೆರಳೊಂದು ಮೇಲೆದ್ದಿತ್ತು.

“ನಂದೈತೆ, ಅಯ್ಯನೋರೇ. ಸ್ಕೂಟರ್ ಆಯ್ತು, ಟಿ.ವಿ. ಆಯ್ತು. ಇವತ್ತು ಸಂಜೆ ಏನು ಕೇಳ್ತಾರಂತೆ, ಇಲ್ಲೇ ಹೇಳ್ಬುಡ್ಲಿ.”

ಅಯ್ಯನೋರು ಬೆವೆತರು. ಮೊದಲೇ ಮದುವೆಯಾಗಿದ್ದರೆ, ರಕ್ತಸಂಬಂಧವಿದ್ದರೆ ಮಾತ್ರ ಅದು ಆಕ್ಷೇಪಣೆ ಎಂದರು.

“ಹಂಗಾದ್ರೆ ಈ ಹುಡುಗನಿಗೆ ಹತ್ತರ ತನಕ ಯಾಕೆ ಕಲಿಸ್ದೆ ನಾನು? ಒಂಬತ್ತಕ್ಕೇ ನಿಲ್ಲಿಸ್ಬೋದಿತ್ತಲ್ಲಾ!”

ಹುಡುಗ ತಲೆ ತಗ್ಗಿಸಿದ. ಅವನಪ್ಪ ಎದ್ದು ಕೂಗಾಡಿದರು. ನಾನು ಎದ್ದು ನಿಂತು, ನನಗೂ ಈ ಮದುವೆ ಬೇಡ ಎಂದೆ. ಅಪ್ಪ ನನ್ನ ಕಡೆ ನೋಡಿ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ತೋಪು ಉಳಿಯಿತು. ನಾನೂ ಉಳಿದೆ.

ಸಭೆ ಏನು ಮಾಡಿತು ಗೊತ್ತೆ? ಆ ಹಿರಿಯರನ್ನು ಮುಂದಿನ ಬೆಂಚಿನಲ್ಲೇ ಕೂರಿಸಿಕೊಂಡು, ಟೀಚರಮ್ಮನಿಂದ ಮಕ್ಕಳ ತರಗತಿಯನ್ನು ಕಿತ್ತುಕೊಂಡಿತು. ಆರಾಧನೆಗೆ ಅಡ್ಡಿಮಾಡಿದ ತಪ್ಪಿಗೆ! ಹುಡುಗನಿಗೆ ಮುಂದಿನ ವರ್ಷವೇ ಕೃಷ್ಣಗಿರಿ ಕಡೆಯಿಂದ ಸ್ಕೂಟರ್ ಬಂತು, ಜೊತೆಗೊಬ್ಬ ಹೆಂಡತಿ. ಟೀಚರಮ್ಮ ಹಿಂದಿನ ಬೆಂಚಿಗೆ ಹೋದರು. ಬೇಜಾರಾ ಎಂದು ಕೇಳಿದರೆ, “ಬೇಜಾರಲ್ಲ, ಕ್ವಾಪ ಕಣಮ್ಮಿ. ಎರಡೂ ಬ್ಯಾರೆ” ಎಂದರು. ಆ ಕೋಪವನ್ನು ನನಗೆ ಬಿಟ್ಟುಹೋದರು.

ಅವರು ತೀರಿಕೊಂಡ ದಿನ ಅದೇ ಹಿರಿಯರು ಶವಪೆಟ್ಟಿಗೆಯ ಪಕ್ಕ ನಿಂತು, ಈ ತಾಯಿ ನಮ್ಮ ಮಕ್ಕಳಿಗೆಲ್ಲ ದೇವರ ಆಜ್ಞೆ ಕಲಿಸಿದವಳು ಎಂದು ಗದ್ಗದ ಕಂಠದಲ್ಲಿ ಪ್ರಾರ್ಥಿಸಿದರು. ಯಾರೋ ಟೀಚರಮ್ಮನ ಎಡಗೈ ಮೇಲೆ ಬಲಗೈ ಮುಚ್ಚಿಟ್ಟು, ಸೊಟ್ಟ ಬೆರಳು ಕಾಣದಂತೆ ಚೆಂದ ಮಾಡಿದ್ದರು. ಪ್ರಾರ್ಥನೆ ಮುಗಿಯುವುದನ್ನೂ ಕಾಯದೆ ನಾನು ಹೋಗಿ ಬಲಗೈ ಸರಿಸಿ, ಎಡಗೈಯನ್ನು ಮೇಲಿಟ್ಟೆ. ಹಿರಿಯರು ಕಣ್ಣು ಬಿಟ್ಟಾಗ ಮೊದಲು ಅದೇ ಕಾಣಲಿ ಅಂತ.