ನನ್ನ ಮಗಳ ಮಿಸ್ಸು

ಬೆಂಗಳೂರಿಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಶಾಲೆಯಿಂದ ಬಂದ ನನ್ನ ಮಗಳು ರೂಪಾ ಚೀಲ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು, ತಲೆ ಓರೆ ಮಾಡಿ, "ಅಮ್ಮಾ, ಎಲೆ ತನ್ನ ಊಟ ತಾನೇ ಮಾಡ್ಕೊಳ್ಳತ್ತೆ, ಗೊತ್ತಾ?" ಎಂದಳು. ಹುಟ್ಟಿದಾಗಿನಿಂದ ನನ್ನನ್ನು ಅವ್ವಾ ಎಂದ ಹುಡುಗಿ! ಆ ಮಾತು, ಆ ವಯ್ಯಾರ ಯಾವುದೂ ಅವಳದಲ್ಲ. ನನ್ನದಂತೂ ಅಲ್ಲವೇ ಅಲ್ಲ. ಯಾವಳೋ ಹೆಂಗಸು ನನ್ನ ಮಗಳ ಒಳಗೆ ನಿಂತು ಮಾತಾಡಿದಂತಾಯಿತು.

"ಯಾರು ಹೇಳಿದ್ರವ್ವಾ ನಿನಗ?" ಎಂದೆ.

"ನಮ್ಮ ಮಿಸ್!"

ನಮ್ಮ ಗದಗಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಕಲಿಸುವ ಹೆಂಗಸರು ಅಕ್ಕೋರು. ಇಲ್ಲಿ ಅವರು ಮಿಸ್. ಅಕ್ಕೋರು ಎಂದರೆ ಮನೆಯ ಹಿರಿಯಕ್ಕನ ಹಾಗೆ, ಬೈದರೂ ನಮ್ಮವರೇ. ಮಿಸ್ ಎಂದರೆ ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಗಡಿಯಾರ, ಹೆಗಲಿಗೆ ಬ್ಯಾಗು. ನಾನೂ ಊರಲ್ಲಿ ಅಕ್ಕೋರೇ ಆಗಿದ್ದೆನಲ್ಲ. ತೊಂಬತ್ತರ ದಶಕದ ನಡುವೆ ನಮ್ಮನೆಯವರಿಗೆ ವರ್ಗವಾಯಿತು ಎಂದು ಶಾಲೆ ಬಿಟ್ಟು ಗಂಟುಮೂಟೆ ಕಟ್ಟಿದೆ. ಇಲ್ಲಿ ನಾನು ಬರೀ ರೂಪಾಳ ಅಮ್ಮ.

ಮನೆ ಸಿಕ್ಕಿದ್ದು ಎನ್.ಆರ್. ಕಾಲೋನಿಯ ವಠಾರದಲ್ಲಿ. ವಠಾರ ಎಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆದ ಸಾಲುಮನೆಗಳು. ನಾನು ರೊಟ್ಟಿ ಬಡಿಯಲು ಕೂತ ಮೊದಲ ದಿನವೇ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಏನ್ರೀ ಅದು ಬೆಳಿಗ್ಗೆ ಬೆಳಿಗ್ಗೆನೇ ಪಟಪಟ ಅಂತ? ಗೋಡೆ ರಿಪೇರಿ ಮಾಡಿಸ್ತಿದೀರಾ?" ಎಂದು ಕೇಳಿದರು. ಪಾಪ, ಕೆಟ್ಟವರಲ್ಲ. ರೊಟ್ಟಿ ಕೊಟ್ಟೆ, ಬದಲಿಗೆ ಹುಳಿ ಕೊಟ್ಟರು. ಇಲ್ಲಿ ಹುಳಿ ಎಂದರೆ ತರಕಾರಿ ಹಾಕಿದ ಬೇಳೆ ಸಾರು. ಚೆನ್ನಾಗಿಯೇ ಇತ್ತು. ಆದರೂ ಮಧ್ಯಾಹ್ನ ಒಬ್ಬಳೇ ಕೂತಾಗ, ಎಲ್ಲಿಂದಲೋ ಮಗ್ಗಿ ಹೇಳುವ ಮಕ್ಕಳ ದನಿ ಕೇಳಿದರೆ ಕಣ್ಣು ತುಂಬುತ್ತಿತ್ತು.

ಸಂಜೆಯಾದರೆ ಶುರು. ರೂಪಾಳ ಆರನೇ ತರಗತಿಯ ಪಾಠವೆಲ್ಲ ಮನೆಗೆ ಬರುತ್ತಿತ್ತು, ಪ್ರತಿಯೊಂದರ ಮೇಲೂ ವತ್ಸಲಾ ಮಿಸ್ಸಿನ ಮುದ್ರೆ. ಅಕ್ಷಾಂಶ ರೇಖಾಂಶ ತೋರಿಸಲು ಮಿಸ್ ಮೂಸಂಬಿಯ ಮೇಲೆ ಗೆರೆ ಎಳೆದರಂತೆ. ಎಲೆಯನ್ನು ಕುದಿಸಿ ಅಯೋಡಿನ್ ಹಾಕಿ ನೀಲಿ ಮಾಡಿದರಂತೆ. ಪದ್ಯವನ್ನು ರಾಗವಾಗಿ ಹಾಡಿದರಂತೆ. ನಾನೂ ಹಾಡುತ್ತಿದ್ದೆನಲ್ಲ! ನಾನೂ ಮೂಸಂಬಿಯನ್ನಲ್ಲದಿದ್ದರೂ ಕುಂಬಳಕಾಯಿಯನ್ನು ಕೊರೆದು ಭೂಮಿ ಮಾಡಿದವಳೇ! ಹೇಳಿದರೆ ರೂಪಾ, "ಹೌದಾ?" ಎಂದು ಹಾಲು ಕುಡಿಯುತ್ತಿದ್ದಳು. ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಸೆಪ್ಟೆಂಬರಿನಲ್ಲಿ ಭಿನ್ನರಾಶಿಯ ಭಾಗಾಕಾರ ಬಂತು. ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸು, ಅಷ್ಟೇ. ಹಾಗೇಕೆ ಎಂದು ಬಹಳ ಜನ ಕಲಿಸುವವರಿಗೇ ಗೊತ್ತಿರುವುದಿಲ್ಲ. ಸಿಕ್ಕಿತು ನನಗೆ ದಾರಿ.

"ನಾಳೆ ನಿಮ್ಮ ಮಿಸ್ಸಿಗೆ ಕೇಳು. ಭಾಗಸೂ ಮುಂದ ಯಾಕ ತಲಿಕೆಳಗ ಮಾಡ್ತೀರಿ ಅಂತ," ಎಂದೆ. ಆ ಮಿಸ್ಸು ತಡಬಡಿಸುವುದನ್ನು ನೆನೆಸಿಕೊಂಡೇ ಮರುದಿನವೆಲ್ಲ ಖುಷಿಯಾಗಿ ಕೆಲಸ ಮಾಡಿದೆ.

ಸಂಜೆ ರೂಪಾ ಓಡುತ್ತಾ ಬಂದಳು. "ಅಮ್ಮಾ! ನಮ್ಮ ಮಿಸ್ ಎಷ್ಟು ಒಳ್ಳೇವ್ರು ಗೊತ್ತಾ? 'ಸರಿಯಾಗಿ ಹೇಳೋಕೆ ನಂಗೂ ಬರಲ್ಲ ಪುಟ್ಟಾ' ಅಂದ್ಬಿಟ್ರು! ಯಾವ ಮಿಸ್ ಹಾಗೆ ಹೇಳ್ತಾರೆ ಹೇಳು?"

ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

"ಯಾರು ಕೇಳ್ಸಿದ್ದು ಅಂದ್ರು. ನಮ್ಮಮ್ಮ ಅಂದೆ. ಶನಿವಾರ ನಿನ್ನನ್ನ ಕ್ಲಾಸಿಗೆ ಕರ್ಕೊಂಡ್ ಬಾ ಅಂದ್ರು. ನೀನೇ ಹೇಳ್ಕೊಡ್ಬೇಕಂತೆ." ಆಮೇಲೆ ನನ್ನ ಸೆರಗು ಹಿಡಿದು, "ಅಮ್ಮಾ, ಅಲ್ಲಿ ಊರ ಮಾತು ಆಡ್ಬೇಡ, ಪ್ಲೀಸ್," ಎಂದಳು.

ಶನಿವಾರ ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋದೆ. ವತ್ಸಲಾ ಮಿಸ್ ಸಣ್ಣಗೆ, ನನಗಿಂತ ಚಿಕ್ಕವಳು. "ಬನ್ನಿ ಬನ್ನಿ" ಎಂದು ಸೀಮೆಸುಣ್ಣ ನನ್ನ ಕೈಗಿಟ್ಟು, ತಾನು ಹೋಗಿ ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಕೂತಳು. ಸೀಮೆಸುಣ್ಣ ಬೆರಳಿಗೆ ತಾಗಿದ್ದೇ ತಡ, ಮಗಳು ಬೇಡಿಕೊಂಡದ್ದು ಮರೆತೇಹೋಯಿತು.

"ಒಂದು ರೊಟ್ಟ್ಯಾಗ ಕಾಲು ಕಾಲು ತುಂಡು ಎಷ್ಟ್ ಆಗ್ತಾವ ಹೇಳ್ರಿ?"

ತರಗತಿ ಗೊಳ್ಳೆಂದಿತು. ರೂಪಾ ತಲೆ ತಗ್ಗಿಸಿದಳು. ನಾನು ನಿಲ್ಲಿಸಲಿಲ್ಲ. ರೊಟ್ಟಿ ಮುರಿದು ತೋರಿಸಿದೆ. ಒಂದು ರೊಟ್ಟಿಯಲ್ಲಿ ಕಾಲು ತುಂಡು ನಾಲ್ಕು. ಎರಡು ರೊಟ್ಟಿಯಲ್ಲಿ ಎಂಟು. ಅರ್ಧ ರೊಟ್ಟಿಯಲ್ಲಿ ಎರಡು. ಅಂದಮೇಲೆ ಕಾಲಿನಿಂದ ಭಾಗಿಸಿದರೂ ಒಂದೇ, ನಾಲ್ಕರಿಂದ ಗುಣಿಸಿದರೂ ಒಂದೇ. ನಗು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ. ಕೈಗಳು ಮೇಲೆದ್ದವು. ಎಲ್ಲರಿಗಿಂತ ಮೊದಲು ವತ್ಸಲಾ ಮಿಸ್ ಕೈ ಎತ್ತಿದಳು. "ಈಗ ಅರ್ಥ ಆಯ್ತು ನೋಡಿ!" ಎಂದು ಸಣ್ಣ ಹುಡುಗಿಯ ಹಾಗೆ ನಕ್ಕಳು. ಮಕ್ಕಳು ರೊಟ್ಟಿಯ ತುಂಡಿಗೆ ಮುಗಿಬಿದ್ದರು. ಎಷ್ಟೋ ತಿಂಗಳ ಮೇಲೆ ನಾನು ನಾನಾಗಿದ್ದೆ. ಈಗಲಾದರೂ ನನ್ನ ಮಗಳು ಮಿಸ್ಸನ್ನು ನೋಡುವ ಕಣ್ಣಿನಿಂದ ನನ್ನನ್ನೂ ನೋಡುತ್ತಾಳೆ ಎಂದು ಬೀಗಿದೆ.

ಮನೆಗೆ ಬರುವಾಗ ರೂಪಾ ಕೈ ಹಿಡಿಯಲಿಲ್ಲ. ನಾಚಿಕೆಯೇನೋ ಎಂದುಕೊಂಡೆ. "ಊರ ಮಾತು ಬಂದುಬಿಡ್ತು, ಏನ್ ಮಾಡ್ಲಿ?" ಎಂದೆ.

"ಅದಲ್ಲ." ದಾರಿಯ ಕಲ್ಲೊಂದನ್ನು ಒದ್ದಳು. "ಮಿಸ್ ಪೂರ್ತಿ ಪೀರಿಯಡ್ ನಿನ್ನನ್ನೇ ನೋಡ್ತಿದ್ರು. ನಾನು ತಿರುಗಿ ನಕ್ರೂ ನೋಡ್ಲಿಲ್ಲ. ಒಂದ್ಸಲಾನೂ ನೋಡ್ಲಿಲ್ಲ."

ಅಯ್ಯೋ ಶಿವನೇ! ಈ ಉರಿ ನನಗೆ ಗೊತ್ತಿಲ್ಲದ್ದೇ?

"ದಸರಾ ರಜಕ್ಕೆ ಗದಗಿಗೆ ಹೋಗ್ತೀವಲ್ಲ, ಅಲ್ಲಿ ಬೇಕಾದ್ರೆ ಅಕ್ಕೋರಾಗು," ಎಂದಳು. "ಇಲ್ಲಿ ಬೇಡಮ್ಮಾ. ಇಲ್ಲಿ ನಮ್ಮ ಮಿಸ್ ಇದಾರೆ."

ಗದಗಿನಲ್ಲಿ ನನ್ನ ಜಾಗಕ್ಕೆ ಹೊಸ ಅಕ್ಕೋರು ಬಂದು, ನನ್ನ ಮಕ್ಕಳೆಲ್ಲ ಅವರನ್ನೇ ಹಚ್ಚಿಕೊಂಡಿದ್ದಾರೆ ಎಂದು ಇವಳಿಗೆ ಹೇಗೆ ಹೇಳಲಿ? ಇನ್ನೊಂದನ್ನೂ ಹೇಳಲಿಲ್ಲ. ರಜ ಮುಗಿದ ಮೇಲೆ ಐದನೇ ತರಗತಿಗೆ ಒಬ್ಬರು ಬೇಕು, ಬರ್ತೀರಾ ಎಂದು ವತ್ಸಲಾ ಮಿಸ್ ಬಾಗಿಲ ಬಳಿ ಕೇಳಿದ್ದಳು. ನಾನು ಹೂಂ ಎಂದು ಬಂದಾಗಿತ್ತು.