ಖೈತಾನ್‌ನಿಂದ ಬರ್ಗಂಡಿಗೆ ಒಂದು ಕೂಗು

ಅಶರೀರವಾಣಿ ಕೇಳಿದಂಥ ಅನುಭವ ಹೇಳಿಕೊಳ್ಳುವವರು ಸಿಕ್ಕರೆ ನನಗೆ ಹಬ್ಬ. "ಕಿವಿಯಾರೆ ಕೇಳಿದೆ ಕಣ್ರೀ, ಮೈಯೆಲ್ಲ ಜುಮ್ಮಂತು" ಎಂದು ಅವರು ಕಣ್ಣರಳಿಸಿ ಮುಗಿಸುವಷ್ಟರಲ್ಲಿ ಅದೇ ಕಣ್ಣು, ಅದೇ ನಡುಕ, ಅದೇ ಉಗುಳು ನುಂಗುವ ಸದ್ದಿನೊಂದಿಗೆ ನಾನು ಅವರನ್ನೇ ಅವರಿಗೆ ಒಪ್ಪಿಸಿಬಿಡುತ್ತಿದ್ದೆ. ಒಂದನ್ನೂ ನಂಬಿದವನಲ್ಲ. ಈಗ ನೋಡಿ, ನಾನೇ ಆ ಸಾಲಿಗೆ ಬಂದು ನಿಂತಿದ್ದೇನೆ. ನಗುವವರು ನಗಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಇಷ್ಟು ಹೊತ್ತಿಗೆ ಶುರು ಮಾಡಿರುತ್ತಿದ್ದೆ.

ಕುವೈತಿನ ಖೈತಾನ್‌ನಲ್ಲಿ ಅಕ್ಕ-ಭಾವನ ಫ್ಲಾಟಿನ ಒಂದು ಕೋಣೆ ನನ್ನದು. ಎಗೈಲಾದ ಮಾಲ್ ಒಂದರಲ್ಲಿ ಮೊಬೈಲ್ ಮಾರುತ್ತೇನೆ. ಉಳಿದ ಹೊತ್ತಿನಲ್ಲಿ ಮಿಮಿಕ್ರಿ. ಅಂಗಡಿಯ ಮ್ಯಾನೇಜರ್, ಮನೆಯ ಮಾಲೀಕ, ನೀರಿನ ಕ್ಯಾನ್ ತರುವ ಭಾಯಿ, ಕೊನೆಗೆ ಕೆಟ್ಟುಹೋದ ನಮ್ಮ ಲಿಫ್ಟ್, ಯಾರನ್ನೂ ಬಿಟ್ಟವನಲ್ಲ. ನನ್ನ ಸ್ವಂತ ದನಿಯನ್ನು ಒಮ್ಮೆ ರೆಕಾರ್ಡ್ ಮಾಡಿ ಕೇಳಿದೆ. ಮೂಗು ಕಟ್ಟಿದ ಮೇಕೆ. ಅದಕ್ಕೇ ಬೇರೆಯವರ ದನಿಯಲ್ಲಿ ಬದುಕುತ್ತೇನೆ.

ಇದರ ಜೊತೆ ನನಗೊಂದು ಸೈಕಲ್ ಹುಚ್ಚು. ಅದನ್ನು ಹತ್ತಿಸಿದವನು ಭಾವ. ಮೈಸೂರಿನವನು, ಬ್ಯಾಂಕಿನಲ್ಲಿ ಕೆಲಸ. ಇನ್ನಿಬ್ಬರು ಬಸಣ್ಣ ಮತ್ತು ರೋಷನ್. ಬಸಣ್ಣ ಗದಗ ಕಡೆಯವನು, ಎ.ಸಿ. ಟೆಕ್ನಿಶಿಯನ್, ಫರ್ವಾನಿಯಾದಲ್ಲಿ ಮನೆ, ನಮ್ಮ ನಾಲ್ವರ ನಾಯಕ. ರೋಷನ್ ಮಂಗಳೂರಿನವನು, ಒಂದು ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆಯುತ್ತಾನೆ. ಶುಕ್ರವಾರ ಬೆಳಕು ಹರಿಯುವ ಮೊದಲೇ ಊರ ಹೊರಗಿನ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡಂತೆ ಹೊಡೆಯುತ್ತಿದ್ದೆವು. ಹಾಗೆ ಹೋಗುವಾಗ ಹಿಂದಿನವನಿಗೆ ಮುಂದಿನವನ ಬೆನ್ನು ಬಿಟ್ಟು ಏನೂ ಕಾಣದು. ಆದ್ದರಿಂದ ಮುಂದಿರುವ ಬಸಣ್ಣ ಕೂಗಬೇಕು, ನಾವು ಅದನ್ನು ಕೇಳಿದಂತೆಯೇ ಹಿಂದಕ್ಕೆ ದಾಟಿಸಬೇಕು. "ಕುಣೀ ಐತಿ!" "ಗಾಡಿ ಬಂತು!" ಎಲ್ಲಕ್ಕಿಂತ ದೊಡ್ಡದು "ನಿಲ್ರೋ!" ಅದು ಕಿವಿಗೆ ಬಿದ್ದರೆ ಯಾಕೆ ಏನು ಕೇಳುವಂತಿಲ್ಲ, ಬ್ರೇಕ್ ಒತ್ತಬೇಕು.

ನನ್ನಂಥವನ ಕೈಗೆ ಇಂಥ ನಿಯಮ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಒಂದು ಶುಕ್ರವಾರ ಬಾಲದಲ್ಲಿದ್ದ ನಾನು ಬಸಣ್ಣನ ದನಿಯಲ್ಲಿ "ನಿಲ್ರೋ!" ಎಂದೆ. ಮೂವರೂ ನಿಂತರು, ರೋಷನ್ ಮಾತ್ರ ಸೈಕಲ್ ಸಮೇತ ಮರಳಿಗೆ ಬಿದ್ದ. ಬಸಣ್ಣ ಬಂದು ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಸಂಜೆ ಅದನ್ನೂ ಅಕ್ಕನ ಮುಂದೆ ಅವನ ದನಿಯಲ್ಲೇ ಮಾಡಿ ತೋರಿಸಿದೆ.

ಅಕ್ಕನಿಗೆ ಸೈಕಲ್ ಎಂದರೆ ಆಗದು. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಒಂದು ಕಾರಿನ ಕನ್ನಡಿ ತಾಗಿ ಭಾವನ ಕೊರಳೆಲುಬು ಮುರಿದಿತ್ತು. ಆರು ವಾರ ಅವನ ಶರ್ಟಿನ ಗುಂಡಿ ಹಾಕಿದವಳು ಅವಳು. ಹೀಗಿರುವಾಗ ಬಸಣ್ಣ ಫ್ರಾನ್ಸಿನ ಪ್ಲಾನ್ ಎತ್ತಿದ. ಬರ್ಗಂಡಿಯ ಹಳ್ಳಿಗಳ ನಡುವೆ ನಾಲ್ಕು ದಿನ ಸೈಕಲ್. ಅಕ್ಕ ಒಂದೇ ಮಾತಿನಲ್ಲಿ "ಖಲಾಸ್" ಎಂದಳು. ಅವಳನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು.

ರೋಷನ್ ಆ ದಾರಿಯದ್ದೇ ಒಂದು ವಿಡಿಯೊ ಹುಡುಕಿ ತಂದಿದ್ದ. ಯಾರೋ ಹ್ಯಾಂಡಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ಪೂರ್ತಿ ದಾರಿ ಚಿತ್ರಿಸಿದ್ದರು. ಹೊರಗೆ ನಲವತ್ತೆಂಟು ಡಿಗ್ರಿ ಕಾಯುವಾಗ ನಾವು ಸೈಕಲ್ಲಿನ ಹಿಂಗಾಲಿ ಬಿಚ್ಚಿ ಟ್ರೈನರ್ ಯಂತ್ರಕ್ಕೆ ಸಿಕ್ಕಿಸಿ, ಟಿ.ವಿ. ಮುಂದೆ ನಿಂತಲ್ಲೇ ತುಳಿಯುತ್ತಿದ್ದೆವು. ಅಬ್ಬಾ, ಆ ರಸ್ತೆ! ಒಂದು ಕಾರು ಹಿಡಿಸುವಷ್ಟೇ ಅಗಲ. ಪಕ್ಕದಲ್ಲಿ ನಿಂತ ನೀರಿನ ಕಾಲುವೆ, ಅದರ ದಂಡೆಗೆ ಸಾಲುಮರ, ಆಮೇಲೆ ಬೇಲಿಗಿಡ, ಬೇಲಿಯಾಚೆ ಸುಣ್ಣ ಬಳಿದಂಥ ಬಿಳಿ ಹಸುಗಳು. ಹಳ್ಳಿ ಬಂದರೆ ಒಂದು ಚರ್ಚು, ಒಂದು ಬ್ರೆಡ್ಡಿನಂಗಡಿ, ಒಂದು ಮಲಗಿದ ನಾಯಿ. ವಾಹನವೇ ಇಲ್ಲ! ಯಾವ ತಿರುವಿನ ನಂತರ ಏರು, ಯಾವ ಸೇತುವೆಯ ನಂತರ ಇಳಿಜಾರು, ಎಲ್ಲ ನನಗೆ ಬಾಯಿಪಾಠವಾಯಿತು. ಅಕ್ಕನನ್ನು ಸೋಫಾದಲ್ಲಿ ಕೂರಿಸಿ ತೋರಿಸಿದೆ. "ಕಾರು ಎಲ್ಲಿ ಕಾಣಿಸುತ್ತೆ ಹೇಳಕ್ಕ. ಭಾವನಿಗೆ ಏನಾದರೂ ಆದರೆ ನನ್ನ ಕೇಳು." ಒಪ್ಪಿದಳು. ನನ್ನ ಮಾತಿನ ಮೇಲೆ ಒಪ್ಪಿದಳು.

ಆಮೇಲಿನ ತಮಾಷೆ ಕೇಳಿ. ನನ್ನ ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ, ಮುಗಿಯಲು ಎರಡೇ ತಿಂಗಳು ಉಳಿದಿತ್ತು, ವೀಸಾ ಸಿಗಲಿಲ್ಲ. ಮೂವರು ಹಾರಿಹೋದರು. ಜಾಮೀನು ನಿಂತವನು ಖೈತಾನ್‌ನಲ್ಲೇ ಉಳಿದ.

ಎರಡು ವರ್ಷದ ಹಿಂದೆ, ಜೂನ್ ತಿಂಗಳ ಶುಕ್ರವಾರ. ಅವರು ಅಲ್ಲಿ ಸವಾರಿ ಶುರು ಮಾಡಿದ ಎರಡನೇ ದಿನ. ನನಗೆ ಡ್ಯೂಟಿ ಮಧ್ಯಾಹ್ನದ ಮೇಲೆ. ಬ್ರೆಡ್ಡಿನಂಗಡಿಯ ಹಳ್ಳಿಯಿಂದ ಭಾವ "ಹೊರಟೆವು" ಎಂದು ಮೆಸೇಜ್ ಹಾಕಿದ. ನಾನೂ ವಿಡಿಯೊವನ್ನು ಅದೇ ಹಳ್ಳಿಗೆ ತಂದು ಟ್ರೈನರ್ ಹತ್ತಿದೆ. ಅಕ್ಕ ಹುರುಳಿಕಾಯಿಯ ನಾರು ತೆಗೆಯುತ್ತ ಸೋಫಾದಲ್ಲಿ ಕೂತಿದ್ದಳು. ಮುಖ ಗಂಟು. ಅವಳನ್ನು ನಗಿಸಲು ನಾನು ಮೂವರನ್ನೂ ಮಾಡತೊಡಗಿದೆ. ಭಾವನ ಏದುಸಿರು, ಏರು ಬಂದಾಗಿನ ರೋಷನ್‌ನ "ಎಂಥ ಚಡಾವು ಮಾರಾಯ, ಸಾಯ್ತೇನೆ", ಬಸಣ್ಣನ ಗಂಟಲು. ಅಕ್ಕ ನಕ್ಕಳು. ಟಿ.ವಿ.ಯಲ್ಲಿ ಸೇತುವೆ ದಾಟಿತು, ಇಳಿಜಾರು ಬಂತು. ಎಡಕ್ಕೆ ಹೊಲ, ಬಲಕ್ಕೆ ಹಸುಗಳು. ರಸ್ತೆ ಖಾಲಿ.

"ಈ ಆಕಳ ನೋಡ್ರಿ, ನಮ್ಮ ರೋಷನ್‌ಗಿಂತ ಗಟ್ಟಿ ಅದಾವ" ಎಂದು ಬಸಣ್ಣನ ದನಿಯಲ್ಲಿ ಹೇಳಬೇಕೆಂದು ಬಾಯಿ ತೆರೆದೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಬಾಯಿಂದ ಬಂದದ್ದು ಬೇರೆ.

"ಗಿರ್ಮಿಟ್!"

ಬಸಣ್ಣನ ದನಿಯೇ. ಆದರೆ ಅಷ್ಟು ಜೋರಾಗಿ ನಾನು ಜನ್ಮದಲ್ಲಿ ಕೂಗಿರಲಿಲ್ಲ. ಎರಡೂ ಕೈ ತಾವಾಗಿ ಬ್ರೇಕ್ ಒತ್ತಿದ್ದವು, ಕಾಲು ನಿಂತಿತ್ತು. ಅಕ್ಕನ ಮಡಿಲಿನ ಬೋಗುಣಿ ಅಲುಗಿ ನಾಲ್ಕು ಕಾಯಿ ಕೆಳಗೆ ಬಿದ್ದವು.

"ಏನೋ ಅದು ಗಿರ್ಮಿಟ್ಟು? ಹಸಿವಾ? ಇನ್ನೊಂದು ಗಂಟೆ ತಡಿ."

ಗಿರ್ಮಿಟ್ ಎಂದರೆ ಬಸಣ್ಣನ ಕಡೆಯವರ ಮಂಡಕ್ಕಿ ತಿಂಡಿ. ಅವನ ಮನೆಯಲ್ಲಿ ಒಮ್ಮೆ ತಿಂದಿದ್ದೆ. ಅದು ಯಾಕೆ ಬಾಯಿಗೆ ಬಂತೋ ತಿಳಿಯದೆ ನಾನೂ ನಕ್ಕೆ. ಗಂಟಲು ಮಾತ್ರ ಉರಿಯುತ್ತಿತ್ತು.

ಕಾಲು ಗಂಟೆಯ ನಂತರ ಭಾವನ ವಿಡಿಯೊ ಕಾಲ್. ಮುಖ ಬಿಳಿಚಿಕೊಂಡಿತ್ತು.

"ಎಲ್ಲಿದ್ದೀಯೋ ನೀನು?"

"ಹಾಲ್‌ನಲ್ಲಿ, ಭಾವ."

"ಸುಳ್ಳು. ಕ್ಯಾಮೆರಾ ತಿರುಗಿಸು."

ತಿರುಗಿಸಿದೆ. ಸೋಫಾ, ಎ.ಸಿ., ಹುರುಳಿಕಾಯಿ ಹಿಡಿದ ಅಕ್ಕ. ಅವನ ಹಿಂದೆ ಬಸಣ್ಣ ಗಾಳಿ ಹೊಡೆಯುವ ಪಂಪಿನಿಂದ ಬೇಲಿಗಿಡವನ್ನು ತಿವಿಯುತ್ತಿದ್ದ. "ಹೊರಗ ಬಾರಲೇ ಮಂಗ್ಯಾ! ಇಲ್ಲೇ ಅದೀ ನೀ, ನನಗ ಗೊತ್ತೈತಿ!" ಅವರು ನನ್ನನ್ನು ಫ್ರಾನ್ಸಿನ ಬೇಲಿಯಲ್ಲಿ ಹುಡುಕುತ್ತಿದ್ದರು!

ನಡೆದದ್ದನ್ನು ಭಾವ ತುಂಡು ತುಂಡಾಗಿ ಹೇಳಿದ. ಸೇತುವೆ ದಾಟಿ ಇಳಿಜಾರಿನಲ್ಲಿ ಮೂವರೂ ಜೋರಾಗಿ ಇಳಿಯುತ್ತಿದ್ದರು. ಬಸಣ್ಣ ಮುಂದೆ, ಭಾವ ನಡುವೆ, ರೋಷನ್ ಹಿಂದೆ. ಕೂಗು ಕೇಳಿತು. ಮೂವರೂ ಬ್ರೇಕ್ ಒತ್ತಿದರು. ಒತ್ತಿದ್ದೇ ತಡ, ಎಡಗಡೆಯ ಏರುಹೊಲದಿಂದ ಒಣಹುಲ್ಲಿನ ದೊಡ್ಡ ಸುರುಳಿಯೊಂದು ಉರುಳಿ ಬಂದು, ಬೇಲಿ ಮುರಿದು, ಬಸಣ್ಣನ ಮುಂಗಾಲಿಯ ಎದುರೇ ರಸ್ತೆ ದಾಟಿ ಆಚೆಯ ಚರಂಡಿಗೆ ಬಿತ್ತು. ಭಾವನ ಎದೆಯೆತ್ತರ ಇತ್ತಂತೆ. ಕಾರಿಗಾದರೆ ಹಾರ್ನ್ ಇರುತ್ತದೆ. ಹುಲ್ಲು ಸದ್ದಿಲ್ಲದೆ ಬಂತು. ಇನ್ನೆರಡು ಮಾರು ಮುಂದೆ ಹೋಗಿದ್ದರೆ ಬಸಣ್ಣನೂ ಭಾವನೂ ಅದರಡಿ.

"ಬಸಣ್ಣ ಕೂಗಿರಬೇಕು" ಎಂದೆ.

ಬಸಣ್ಣ ಫೋನ್ ಕಸಿದುಕೊಂಡ. "ನನ್ನ ಬಾಯಾಗ ಬ್ರೆಡ್ ಇತ್ತಲೇ! ಕೂಗಲಿ ಹೆಂಗ? ನನ್ನ ದನಿ ನನಗ ಹಿಂದಿನಿಂದ ಕೇಳ್ತು!"

"ನನಗೆ ಎದುರಿನಿಂದ ಕೇಳಿದ್ದು" ಎಂದ ರೋಷನ್. "ನಾನು ಇವರೇ ಕೂಗಿದ್ದು ಅಂತ ಎಣಿಸಿದೆ ಮಾರಾಯ."

ಭಾವನಿಗೆ ಅದು ಪಕ್ಕದಲ್ಲೇ ಕೇಳಿತ್ತಂತೆ, ಯಾರೋ ಜೊತೆಯಲ್ಲಿ ಸೈಕಲ್ ತುಳಿಯುತ್ತಿದ್ದಂತೆ.

"ನಿಲ್ರೋ ಅಂತಾನಾ?" ಎಂದು ಕೇಳಿದೆ.

ಅಲ್ಲ ಎಂದ ಭಾವ. ಗುರುವಾರ ಎದುರಿಗೆ ಟ್ರ್ಯಾಕ್ಟರ್ ಬಂದಾಗ ಬಸಣ್ಣ "ನಿಲ್ರೋ" ಎಂದು ನಿಜವಾಗಿ ಕೂಗಿದರೆ, ಇವರಿಬ್ಬರಿಗೆ ನನ್ನ ಮಿಮಿಕ್ರಿ ನೆನಪಾಗಿ ನಗು ಬಂದು ಬ್ರೇಕೇ ಒತ್ತಿರಲಿಲ್ಲ. ಆ ಕೂಗನ್ನು ನಾನು ಕೆಡಿಸಿಬಿಟ್ಟಿದ್ದೆ. ಅದಕ್ಕೇ ಆ ಸಂಜೆ ಊಟಕ್ಕೆ ಕೂತಾಗ ಬಸಣ್ಣ ಹೊಸ ಕೂಗು ಇಟ್ಟಿದ್ದ, ನನಗೆ ಮಾತ್ರ ತಿಳಿಯಬಾರದು ಎಂಬ ಷರತ್ತಿನ ಮೇಲೆ.

"ಏನದು ಕೂಗು?" ಇದನ್ನು ಕೇಳಿದ್ದು ಅಕ್ಕ.

"ಗಿರ್ಮಿಟ್."

ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ನಾನು ಬಗ್ಗಿ ಕೆಳಗೆ ಬಿದ್ದಿದ್ದ ಹುರುಳಿಕಾಯಿ ಆರಿಸತೊಡಗಿದೆ.

ಆಮೇಲೆ ಸಮಯ ನೋಡಿದೆವು. ಭಾವನ ಸೈಕಲ್ಲಿನ ಮೀಟರ್ ಪ್ರಕಾರ ಅವರು ನಿಂತದ್ದು ಹತ್ತು ನಲವತ್ತೊಂದಕ್ಕೆ. ನನ್ನ ಟ್ರೈನರ್ ಆ್ಯಪ್‌ನಲ್ಲಿ ಕಾಲು ನಿಂತದ್ದು ಹನ್ನೊಂದು ನಲವತ್ತೊಂದಕ್ಕೆ. ಜೂನ್‌ನಲ್ಲಿ ಫ್ರಾನ್ಸಿಗಿಂತ ನಾವು ಒಂದು ಗಂಟೆ ಮುಂದೆ.

ಎಲ್ಲ ತರ್ಕ ಮಾಡಿ ನೋಡಿದ್ದೇನೆ. ಬ್ರೆಡ್ ಉಗಿದು ಬಸಣ್ಣನೇ ಕೂಗಿ, ಗಾಬರಿಯಲ್ಲಿ ಮರೆತಿರಬಹುದು. ಬಸಣ್ಣನ ದನಿಯಲ್ಲಿದ್ದಾಗ ನನ್ನ ಬಾಯಿಗೆ ಬಸಣ್ಣನ ತಿಂಡಿ ಬಂದದ್ದು ಸಹಜವೂ ಇರಬಹುದು. ನಾನು ಭಾವನ ಬ್ಯಾಗಿನಲ್ಲಿ ಸ್ಪೀಕರ್ ಅಡಗಿಸಿಟ್ಟಿದ್ದೇನೆಂದು ರೋಷನ್ ಆ ಬ್ಯಾಗನ್ನು ರಸ್ತೆಯಲ್ಲೇ ಸುರಿದು ನೋಡಿದ. ಸಿಕ್ಕಿದ್ದು ಅಕ್ಕ ಕೊಟ್ಟ ಕೋಡುಬಳೆ. ಭಾವನಿಂದ ನಾನು ಗುಟ್ಟು ಹೊರಡಿಸಿದ್ದೇನೆ ಎಂಬುದು ಬಸಣ್ಣನ ವಾದ. ಗುರುವಾರ ರಾತ್ರಿ ಭಾವ ನನಗೆ ಕಳಿಸಿದ್ದು ಒಂದು ಹಸುವಿನ ಫೋಟೊ ಮಾತ್ರ. "ನನಗೇನೂ ಗೊತ್ತಿಲ್ಲ" ಎಂದು ಎಷ್ಟು ಗೋಗರೆದರೂ "ಎಷ್ಟು ಚಂದ ಆ್ಯಕ್ಟ್ ಮಾಡ್ತಾನ ನೋಡ್ರಿ" ಎನ್ನುತ್ತಾನೆ ಬಸಣ್ಣ.

ಈ ಜೂನ್‌ನಲ್ಲಿ ಅವರು ಮತ್ತೆ ಹೊರಟಿದ್ದಾರೆ, ಬರ್ಗಂಡಿಯ ಇನ್ನೊಂದು ಕಣಿವೆಗೆ. ಈ ಸಲ ನನಗೂ ವೀಸಾ ಬಂದಿದೆ! ಪಾಸ್‌ಪೋರ್ಟ್ ಕೈಗೆ ಬಂದ ದಿನ ಫರ್ವಾನಿಯಾದ ಬಸ್ ಸ್ಟಾಪಿನಲ್ಲೇ ಕುಣಿದೆ. ಮನೆಗೆ ಬಂದು ತೋರಿಸಿದರೆ ಅಕ್ಕ ಅದನ್ನು ತೆರೆದೂ ನೋಡಲಿಲ್ಲ.

"ಅವರು ಹೋಗಲಿ. ನೀನು ಇಲ್ಲೇ ಉಳಿದ್ರೆ ಮಾತ್ರ. ಕೂಗೋಕೆ ಯಾರಾದ್ರೂ ಬೇಕಲ್ಲ."

ತಮಾಷೆ ಎಂದುಕೊಂಡು ಅವಳದೇ ದನಿಯಲ್ಲಿ ಆ ಮಾತನ್ನು ತಿರುಗಿಸಿ ಹೇಳಿದೆ. ಅವಳು ನಗಲಿಲ್ಲ.

ನಿನ್ನೆ ಭಾವ ನನ್ನನ್ನು ಬಾಲ್ಕನಿಗೆ ಕರೆದು ಬಾಗಿಲು ಹಾಕಿದ. "ನಿಜ ಹೇಳಪ್ಪ. ಅವತ್ತು ಕೂಗಿದ್ದು ನೀನೇನಾ?" ಹೌದು ಎಂದರೆ ಅವನು ಹೋಗುತ್ತಾನೆ, ನಾನು ಉಳಿಯುತ್ತೇನೆ. ಅಲ್ಲ ಎಂದರೆ ನಾನು ಹೊರಡಬಹುದು, ಆದರೆ ಕಾಯುವ ಕೂಗಿಲ್ಲವೆಂದು ಅಕ್ಕ ಅವನನ್ನು ಬಿಡುವುದಿಲ್ಲ. ನಾಳೆ ಹೇಳುತ್ತೇನೆ ಎಂದಿದ್ದೇನೆ. ಸುಳ್ಳು ಹೇಳುವುದು ನನಗೆ ಯಾವತ್ತೂ ಕಷ್ಟವಾದದ್ದಿಲ್ಲ. ಆದರೆ ಇವೆರಡರಲ್ಲಿ ಯಾವುದು ಸುಳ್ಳು ಎಂದು ಗೊತ್ತಿದ್ದರೆ ತಾನೇ?